ಆಸ್ಟ್ರಿಯಾದ ಹಲಗೆ, ಅಳಲೆಕಾಯಿ ಬಣ್ಣ

ದೊಡ್ಡಬಳ್ಳಾಪುರದ ಗುಜರಿ ಅಂಗಡಿಯ ಹಿಂದೆ, ಒಡೆದ ಪೆಟ್ಟಿಗೆಗಳ ರಾಶಿಯಲ್ಲಿ, ಒಂದು ಹಲಗೆಯ ಮೇಲೆ ಗೋಧಿ ತೆನೆಯ ಮುದ್ರೆ ಕಂಡಿತು. ಪಕ್ಕದಲ್ಲಿ ಎ.ಟಿ. ಎಂಬ ಎರಡಕ್ಷರ, ಒಂದು ಸಂಖ್ಯೆ, ಕೊನೆಗೆ ಎಚ್.ಟಿ.

“ಅಕ್ಕಾ, ಅದು ಸೌದೆಗೆ ಹೋಗೋ ಮಾಲು. ಒಳ್ಳೆ ಪ್ಲೈವುಡ್ ಇದೆ, ಬನ್ನಿ,” ಎಂದ ಅಂಗಡಿಯವನು.

ದೇವನಹಳ್ಳಿ ಬಳಿ ಆರನೇ ಮಹಡಿಯಲ್ಲಿ ಮನೆ ಮಾಡಿರುವ ಆಕೆ ಪ್ಲೈವುಡ್ ಕಡೆ ತಿರುಗಿಯೂ ನೋಡಲಿಲ್ಲ. ಎ.ಟಿ. ಅಂದರೆ ಆಸ್ಟ್ರಿಯಾ. ಎಲ್ಲಿಂದಲೋ ಯಂತ್ರವೊಂದನ್ನು ತಬ್ಬಿಕೊಂಡು ಬಂದು, ಕೆಲಸ ಮುಗಿದ ಮೇಲೆ ಸೌದೆಯಾಗಲಿದ್ದ ಸ್ಪ್ರೂಸ್ ಮರ ಅದು. ಆಲ್ಪ್ಸ್ ಮನೆಗಳ ಗೋಡೆಯೂ ಇದೇ ಜಾತಿಯ ಮರದ್ದು. ಹನ್ನೊಂದು ಹಲಗೆ ಆಟೋದಲ್ಲಿ ಮನೆಗೆ ಬಂದವು.

ಮುದ್ರೆ ಓದಲು ಬಾರದವರು ಗುಜರಿ ಮರಕ್ಕೆ ಕೈ ಹಾಕಲೇಬಾರದು. ಮರದೊಳಗಿನ ಹುಳು ದೇಶದಿಂದ ದೇಶಕ್ಕೆ ದಾಟದಿರಲಿ ಎಂದು 2002ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮದ ಗುರುತು ಅದು. ಎಚ್.ಟಿ. ಎಂದಿದ್ದರೆ ಮರದ ಒಡಲು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿದೆ ಎಂದರ್ಥ. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕುಡಿದ ಮರ. ಮಲಗುವ ಕೋಣೆಗೆ ಅದು ಬೇಡವೇ ಬೇಡ. ಯುರೋಪ್ ಒಕ್ಕೂಟ ಅದರ ಬಳಕೆಯನ್ನು 2010ರಲ್ಲೇ ನಿಲ್ಲಿಸಿತು. ಬೇರೆ ಕಡೆಯ ಪೆಟ್ಟಿಗೆಗಳಲ್ಲಿ ಆ ಎರಡಕ್ಷರ ಇನ್ನೂ ಕಾಣುತ್ತವೆ. ಇನ್ನು ಕಾಯಿಸಿದ ಮರಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂದು ಹೇಳುವವರನ್ನು ನಂಬಬಾರದು. ಗೆದ್ದಲು ಆಮೇಲೆ ಬರುತ್ತದೆ. ಬೋರಾಕ್ಸ್ ನೀರು ಬಳಿದು, ಗೋಡೆಗೂ ಹಲಗೆಗೂ ನಡುವೆ ರೀಪರ್ ಕೊಟ್ಟು, ಹಲಗೆ ಹಲಗೆಯ ನಡುವೆ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಸಂದು ಬಿಡಬೇಕು. ಮಳೆಗಾಲದಲ್ಲಿ ಮರ ಉಬ್ಬುತ್ತದೆ.

ಆಕೆ ಮನೆಗೆ ತರಹೊರಟಿರುವುದು ಆಲ್ಪ್ಸ್‌ನ ಶ್ಯಾಲೆಯ ಶೈಲಿ. ಶ್ಯಾಲೆ ಎಂದರೆ ದನಗಾಹಿಗಳ ಬೇಸಿಗೆ ಬಿಡಾರ. ಮಂಜು ಕರಗಿದ ಮೇಲೆ ಆಲ್ಪ್ಸ್‌ನ ಎತ್ತರದ ಹುಲ್ಲುಗಾವಲಿಗೆ ದನ ಹೊಡೆದುಕೊಂಡು ಹೋದವರು ಅಲ್ಲೇ ಹಾಲು ಕರೆದು, ಚೀಸ್ ಮಾಡುತ್ತ ತಿಂಗಳುಗಟ್ಟಲೆ ತಂಗುತ್ತಿದ್ದರು. 1761ರಲ್ಲಿ ರೂಸೋ ತನ್ನ ಕಾದಂಬರಿಯಲ್ಲಿ ಬಳಸಿದ ಮೇಲೆ ಆ ಪದ ಕಣಿವೆ ದಾಟಿ ಊರೂರಿಗೆ ಹೋಯಿತು. ನಮ್ಮ ಗೋಶಾಲೆಯ ‘ಶಾಲೆ’ಗೂ ಅದಕ್ಕೂ ನಂಟಿಲ್ಲ. ಕಿವಿಗೆ ಮಾತ್ರ ನಂಟರಂತೆ ಕೇಳುತ್ತವೆ, ಕೆಲಸವೂ ಹೆಚ್ಚು ದೂರದ್ದಲ್ಲ. ಇಂದಿನ ಶೈಲಿಯಲ್ಲಿ ಕೆತ್ತನೆ, ಹೂಬಳ್ಳಿ ಎಲ್ಲ ಹೋಗಿ ನಾಲ್ಕೇ ಸಂಗತಿ ಉಳಿದಿವೆ: ಬಿಳಿ ಗೋಡೆ, ಬಿಸಿಲು ತಿಂದ ಹಲಗೆ, ಬೂದು ಕಲ್ಲು, ಉಣ್ಣೆ.

ಕಷ್ಟವಿರುವುದು ಆ ಬಿಸಿಲು ತಿಂದ ಬಣ್ಣದಲ್ಲಿ. ಅದನ್ನು ದಶಕಗಳ ಬಿಸಿಲು ಮಳೆ ಕೊಟ್ಟಿರುತ್ತದೆ. ಗುಜರಿಯ ಹಲಗೆ ಉಜ್ಜಿದರೆ ಹಸಿ ಹಳದಿ. ಅದರ ಮೇಲೆ ವಾಲ್ನಟ್ ಬಣ್ಣದ ಪಾಲಿಶ್ ಹೊಡೆದು ಮಿರಮಿರ ಮಿಂಚಿಸುವವರು ಮರಕ್ಕೆ ಪ್ಲಾಸ್ಟಿಕ್ ಅಂಗಿ ತೊಡಿಸುತ್ತಾರೆ. ಯುರೋಪಿನ ಹವ್ಯಾಸಿಗಳ ಉಪಾಯ ಇದಕ್ಕಿಂತ ಒಳ್ಳೆಯದು: ವಿನೆಗರ್‌ನಲ್ಲಿ ಸ್ಟೀಲ್ ವುಲ್ ಎರಡು ಮೂರು ದಿನ ನೆನೆಹಾಕಿ ಆ ನೀರನ್ನು ಬಳಿಯುವುದು. ಕಬ್ಬಿಣ ಮರದ ಒಗರಿನೊಡನೆ ಕೂಡಿ ಬೂದುಗಪ್ಪಾಗುತ್ತದೆ. ಸ್ಪ್ರೂಸ್‌ನಲ್ಲಿ ಒಗರು ಕಡಿಮೆಯಾದ್ದರಿಂದ ಮೊದಲು ಕಡು ಟೀ ಬಳಿಯುತ್ತಾರೆ.

ಆಕೆ ಟೀ ಬಿಟ್ಟು ಗ್ರಂಥಿಗೆ ಅಂಗಡಿಗೆ ಹೋದರು. ಅಳಲೆಕಾಯಿಯ ಒಗರಿನ ಮುಂದೆ ಟೀ ಯಾವ ಲೆಕ್ಕ? ಕಾಳಹಸ್ತಿಯ ಕಲಂಕಾರಿಯವರು ಬಟ್ಟೆಯನ್ನು ಅಳಲೆಕಾಯಿ ಬೆರೆಸಿದ ಹಾಲಿನಲ್ಲಿ ಅದ್ದಿ ಒಣಗಿಸಿ, ತುಕ್ಕು ಕಬ್ಬಿಣ ಮತ್ತು ಬೆಲ್ಲ ಕೊಳೆಸಿದ ನೀರಿನಿಂದ ಗೆರೆ ಎಳೆದಾಗ ಕಣ್ಣೆದುರೇ ಕಪ್ಪು ಮೂಡುತ್ತದಲ್ಲ, ಅದೇ ರಸಾಯನ ಇಲ್ಲಿಯೂ. ಒಂದು ಹಿಡಿ ಕಾಯಿ ಜಜ್ಜಿ, ಒಂದು ಲೀಟರ್ ನೀರಿನಲ್ಲಿ ಕುದಿಸಿ, ಅರ್ಧಕ್ಕೆ ಇಳಿಸಿ, ಸೋಸಿ ಬಳಿಯಬೇಕು. ರಾತ್ರಿಯೆಲ್ಲ ಒಣಗಲಿ. ಬೆಳಿಗ್ಗೆ ಕಬ್ಬಿಣದ ನೀರು. ನೀರು ಗಟ್ಟಿಯಿದ್ದರೆ ಹಲಗೆ ಮಸಿಯಾಗುತ್ತದೆ. ನಾಲ್ಕು ಪಾಲು ನೀರು ಬೆರೆಸಿದರೆ ಮೋಡದ ಬೂದು. ಮೊದಲ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಮರದ ಎಳೆಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಇದನ್ನು ನೋಡಲೆಂದೇ ಆಕೆ ಬೇಕಿಲ್ಲದ ತುಂಡುಗಳಿಗೂ ಬಳಿಯುತ್ತಾರೆ. ಕೊನೆಗೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿದರೆ ಸಾಕು. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಾಲ್ಕನಿಯಲ್ಲಿ ಬಿಡಿಸಿ ಹರವಬೇಕು.

ಕಲ್ಲಿಗೆ ದೂರ ಹೋಗಬೇಕಿಲ್ಲ. ದೇವನಹಳ್ಳಿ ದಾರಿಯ ಸಾದಹಳ್ಳಿಯ ಹೆಸರಿನಲ್ಲೇ ಬೂದು ಗ್ರಾನೈಟ್ ಮಾರಾಟವಾಗುತ್ತದೆ. ಗೋಡೆಗೆಲ್ಲ ಹೊದಿಸುವ ಆಸೆ ಬೇಡ: 20 ಮಿ.ಮೀ. ದಪ್ಪದ ಕಲ್ಲು ಚದರ ಮೀಟರಿಗೆ 50 ಕಿಲೋ ದಾಟುತ್ತದೆ. ಆಕೆ ತಂದದ್ದು ಒಂದೇ ತುಂಡು, ದ್ರಾಕ್ಷಿ ಚಪ್ಪರ ಹೊತ್ತಿದ್ದ ಕಲ್ಲುಕಂಬದ್ದು. ಉಳಿಯ ಗುರುತು ಹಾಗೇ ಇರುವ ಅದು ಈಗ ಕಿಟಕಿಯ ಕೆಳಗಿನ ಬೆಂಚು. ಕುರಿಚರ್ಮದ ಬದಲು ಚಳ್ಳಕೆರೆಯ ಕರಿ ಕಂಬಳಿ. ಹುಣಸೆಬೀಜದ ಗಂಜಿ ಕುಡಿದ ಅದರ ಬಿಗಿ ಮೊದಲ ವರ್ಷ ಮೈಗೆ ಚುಚ್ಚುತ್ತದೆ, ಬೆಂಚಿಗೆ ಚುಚ್ಚುವುದಿಲ್ಲ.

ಈ ಶೈಲಿಯ ಹೆಸರಿನಲ್ಲಿ ಇಲ್ಲಿನವರು ಮಾಡಿಸುವುದರಲ್ಲಿ ಆಕೆಗೆ ಸಹಿಸಲಾಗದ್ದು ಬೆಂಕಿಗೂಡು. ಚಿಮಣಿಯೇ ಇಲ್ಲದ ಫ್ಲಾಟಿನಲ್ಲಿ, ಬೆಂಕಿಯ ಚಿತ್ರ ಕುಣಿಸುವ ಪೆಟ್ಟಿಗೆಗೆ ಇಷ್ಟೊಂದು ಹಣ ಯಾಕೆ? ಬೆಂಗಳೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಬೆಂಕಿಗೂಡಿಗಿಂತ ಕೆಟ್ಟದ್ದು ಚಾವಣಿಯ ಕೆಲಸ. ಶ್ಯಾಲೆಯ ಸೂರು ತಗ್ಗಾಗಿದ್ದದ್ದು ಒಳಗಿನ ಬಿಸಿ ಹಿಡಿದಿಡಲು. ಇಲ್ಲಿ ಇರುವ ಒಂಬತ್ತೂವರೆ ಅಡಿಯನ್ನೂ ಕುಗ್ಗಿಸಿ, ಫೋಮಿನ ತೊಲೆಗಳಿಗೆ ಮರದ ಬಣ್ಣ ಬಳಿದು ಅಂಟಿಸಿ, ಏಪ್ರಿಲ್‌ನಲ್ಲಿ ಏಸಿ ಹಾಕಿ ಕೂರುತ್ತಾರೆ. ಏನನ್ನೂ ಹೊರದ ತೊಲೆ ಅದು. ಕೈಯಿಂದ ತಟ್ಟಿದರೆ ಥರ್ಮಾಕೋಲಿನ ಸದ್ದು. ಅಂಥ ಮನೆಯಲ್ಲಿ ಕಾಫಿ ಕುಡಿದು ಬಂದ ದಿನ ಆಕೆ ಸಿಟ್ಟಿಗೆ ರಾತ್ರಿ ಹನ್ನೊಂದರವರೆಗೆ ಹಲಗೆ ಉಜ್ಜಿದರು.

ಕೊರಳ ಗಂಟೆ ಮಾತ್ರ ಇನ್ನೂ ಬಾಕಿ. ಆಲ್ಪ್ಸ್ ಮನೆಗಳ ಬಾಗಿಲಲ್ಲಿ ಹಸುವಿನ ದೊಡ್ಡ ಗಂಟೆ ತೂಗುತ್ತದೆ. ಆನ್‌ಲೈನಿನಲ್ಲಿ ಅದರ ನಕಲು ಸಿಗುತ್ತದೆ, ಸದ್ದು ಡಬ್ಬಿಯದ್ದು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಡಿಸೆಂಬರ್ ಹೊತ್ತಿಗೆ ದನಗಳ ಜಾತ್ರೆ ಸೇರುತ್ತದೆ. ಹಗ್ಗ, ಮೂಗುದಾರ, ಗಗ್ಗರಗಳ ಅಂಗಡಿಯೆದುರು ಎತ್ತು ಕೊಂಡ ರೈತರು ಗಂಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸರಿಬರದಿದ್ದರೆ ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಆಕೆಯೂ ಈ ಸಲ ಅವರ ಪಕ್ಕದಲ್ಲಿ ನಿಂತು, ಹಾಗೆಯೇ ಕೇಳಿ ಆರಿಸಬೇಕೆಂದಿದ್ದಾರೆ. ಮೊಳೆಯನ್ನು ಬಾಗಿಲ ಹಲಗೆಗೆ ಆಗಲೇ ಹೊಡೆದಾಗಿದೆ, ಎ.ಟಿ. ಮುದ್ರೆಯಿಂದ ಒಂದು ಗೇಣು ಮೇಲೆ.