ಕೋಣಗಳು ಕರೆಗಿಳಿಯುವ ಹೊತ್ತು

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ವಾಮಂಜೂರಿನ ಪೇಟೆ ಸಿಗುತ್ತದೆ. ಅಲ್ಲಿಂದ ಒಳದಾರಿ ಹಿಡಿದರೆ ಡಾ. ಶಿವರಾಮ ಕಾರಂತರ ಹೆಸರು ಹೊತ್ತ ಪಿಲಿಕುಳ ನಿಸರ್ಗಧಾಮ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ‘ಕುಳ’ ಎಂದರೆ ಕೊಳ. ಹಿಂದೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ತಾಣವಿದೆಂದು ಪ್ರತೀತಿ. ಈಗ ಹುಲಿಗಳಿರುವುದು ಇಲ್ಲಿಯ ಮೃಗಾಲಯದಲ್ಲಿ. ಇದೇ ಧಾಮದ ಕೆಸರುಗದ್ದೆಯ ಕರೆಯಲ್ಲಿ ಕಂಬಳ ನಡೆದ ವರ್ಷಗಳೂ ಉಂಟು.

ಕಂಬಳದ ಉದ್ಘಾಟನೆಯನ್ನು ಕಾಣಬೇಕಾದವರು ವೇದಿಕೆಯತ್ತ ಮುಖ ಮಾಡಿ ನಿಂತರೆ ಸಾಲದು. ಅಲ್ಲಿ ಗಣ್ಯರು ದೀಪ ಬೆಳಗುವರು, ನಾಲ್ಕು ಮಾತನಾಡುವರು. ಜನರ ಕಿವಿ ಮಾತ್ರ ಡೋಲಿನ ಸದ್ದಿಗೆ ಕಾದಿರುತ್ತದೆ. ಡೋಲು, ಕೊಂಬುಗಳು ಮೊಳಗಿದೊಡನೆ ಎಣ್ಣೆ ಸವರಿದ ಮೈ ಮಿರುಗಿಸುತ್ತ ಕೋಣಗಳು ಜೋಡಿ ಜೋಡಿಯಾಗಿ ಕರೆಗಿಳಿಯುತ್ತವೆ. ಧ್ವನಿವರ್ಧಕ ಮನೆತನದ ಹೆಸರನ್ನು ಸಾರಿದಾಗ ದಂಡೆಯ ಎರಡೂ ಬದಿಯಿಂದ ಕೇಕೆ ಏಳುತ್ತದೆ. ಪೇಟೆಯ ಮಗುವಿನ ಕಣ್ಣಿಗೆ ಕೋಣಗಳೆಲ್ಲ ಒಂದೇ. ಪಕ್ಕದಲ್ಲಿ ನಿಂತ ಅಜ್ಜನಿಗೋ ಒಂದೊಂದರ ಊರೂ ಗೊತ್ತು, ಹೋದ ವರ್ಷದ ಓಟವೂ ಗೊತ್ತು. ಹಗ್ಗ, ನೇಗಿಲು, ಅಡ್ಡಹಲಗೆಗಳಲ್ಲಿ ವೇಗಕ್ಕೆ ಬೆಲೆಯಾದರೆ, ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂಬುದೇ ಗೆಲುವಿನ ಲೆಕ್ಕವೆಂದು ಮಗುವಿಗೆ ತಿಳಿಸಿಕೊಡುವವನೂ ಅವನೇ.

ಈ ಮೊಳಗು ಒಮ್ಮೆ ಅಡಗಿತ್ತು. ಜಲ್ಲಿಕಟ್ಟನ್ನು ಕುರಿತು 2014ರ ಮೇ 7ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ಕರ್ನಾಟಕ ಕಾನೂನನ್ನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕೋಣಗಳು ಓಡಿದುವು.

ಪಿಲಿಕುಳದ ತೊಡಕು ಬೇರೆ. 2024ರಲ್ಲಿ ಇಲ್ಲಿ ಮತ್ತೆ ಕಂಬಳ ನಡೆಸಲು ಹೊರಟಾಗ, ಅದರ ಗದ್ದಲದಿಂದ ಮೃಗಾಲಯದ ಪ್ರಾಣಿಗಳಿಗೆ ಬಾಧೆಯೆಂಬ ದೂರು ಹೈಕೋರ್ಟಿನ ಬಾಗಿಲು ತಟ್ಟಿತು. ನೆರೆದ ಜನಕ್ಕೆ ಹಬ್ಬವೆನಿಸುವ ಸದ್ದು ಬೇಲಿಯಾಚೆಯ ಜೀವಕ್ಕೆ ದಿಗಿಲಾಗಬಹುದು. ಕೋಣಗಳನ್ನು ಮನೆಮಕ್ಕಳಂತೆ ಸಾಕುವ ತುಳುನಾಡಿಗೆ ಇದು ಅರ್ಥವಾಗದ ಮಾತಲ್ಲ. ಕಂಬಳಕ್ಕಾದರೆ ಮೂಡುಬಿದಿರೆ, ಐಕಳ, ಪುತ್ತೂರು, ಉಪ್ಪಿನಂಗಡಿಗಳಲ್ಲಿ ಕರೆಗಳುಂಟು; ಬೋನಿನ ಹುಲಿಗೆ ಸರಿದು ನಿಲ್ಲಲು ಬೇರೆ ಕಾಡಿಲ್ಲ.