ಉತ್ತರಕುಮಾರನ ತಾಲೀಮು

'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿಯಷ್ಟೇ ಬಳಕೆಯದು. ಅದು ಅಕ್ಷರಶಃ ನಿಜವಾದದ್ದನ್ನು ನಾನು ಕಂಡದ್ದು ಮಾತ್ರ ಹೋದ ವರ್ಷದ ಜೂನ್‌ನಲ್ಲಿ, ಅಕ್ಕನ ಮಗಳ ಮದುವೆಯ ಹಿಂದಿನ ರಾತ್ರಿ, ಛತ್ರದ ಅಡುಗೆಮನೆಯ ಬಾಗಿಲಲ್ಲಿ. ಒಳಗೆ ಹೋಳಿಗೆ ಬೇಯುತ್ತಿತ್ತು. ಭಟ್ಟರನ್ನು ಪುಸಲಾಯಿಸಿ ಎರಡು ಹೋಳಿಗೆ ಗಿಟ್ಟಿಸಿಕೊಂಡು, ಮೂರನೆಯದಕ್ಕೆ ಕಾಯುತ್ತ ನಿಂತಿದ್ದೆ. ಬೆಂಗಳೂರಿನಿಂದ ಬಂದಿದ್ದ ಹುಡುಗರು ಪಕ್ಕದಲ್ಲಿ ಹಾಫ್ ಮ್ಯಾರಥಾನ್ ವಿಷಯ ಮಾತಾಡುತ್ತಿದ್ದರು. ಪೇಸ್ ಅಂತೆ, ಇಂಟರ್ವಲ್ ಅಂತೆ, ಟೇಪರ್ ಅಂತೆ. ಅವರಲ್ಲೊಬ್ಬ ನನ್ನ ಹೊಟ್ಟೆಯ ಕಡೆ ನೋಡಿ, ಆಮೇಲೆ ಹೋಳಿಗೆಯ ಕಡೆ ನೋಡಿ, "ಮಾಮ, ಅದೆಲ್ಲ ನಿಮಗೆ ಬೇಡ ಬಿಡಿ" ಅಂದ.

"ಇಪ್ಪತ್ತೊಂದು ಕಿಲೋಮೀಟರ್ ತಾನೆ? ನಮ್ಮ ಕಾಲದಲ್ಲಿ ಸ್ಕೂಲಿಗೇ ಅಷ್ಟು ನಡೀತಿದ್ವಿ" ಅಂದುಬಿಟ್ಟೆ. ನಮ್ಮ ಸ್ಕೂಲು ಇದ್ದದ್ದು ಮನೆಯಿಂದ ಎರಡನೆಯ ಬೀದಿಯಲ್ಲಿ. ಹುಡುಗರಿಗೆ ಅದು ಗೊತ್ತಿರಲಿಲ್ಲ. ಆಚೆ ಜಮಖಾನದ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದ ನನ್ನ ಹೆಂಡತಿಗೆ ಗೊತ್ತಿತ್ತು. ಅವಳು ತಲೆ ಎತ್ತಲಿಲ್ಲ. ಮದುವೆ ಮುಗಿಸಿ ಮೈಸೂರಿಗೆ ವಾಪಸಾದ ಮೂರನೆಯ ದಿನ ಕಾಫಿ ಲೋಟದ ಜೊತೆಗೆ ಫೋನನ್ನೂ ನನ್ನ ಮುಂದಿಟ್ಟಳು. "ಅಕ್ಟೋಬರ್‌ನಲ್ಲಿ ನಮ್ಮೂರಲ್ಲೇ ಇದೆಯಂತೆ. ದುಡ್ಡು ಕಟ್ಟಾಯ್ತು. ವಾಪಸ್ ಕೊಡಲ್ವಂತೆ."

ವಿರಾಟನ ಮಗ ಸಿಕ್ಕಿಬಿದ್ದದ್ದೂ ಹೀಗೇ. ಅಂತಃಪುರದ ಹೆಂಗಸರ ಮುಂದೆ ಭೀಷ್ಮ ದ್ರೋಣರನ್ನೆಲ್ಲ ಬಾಯಲ್ಲೇ ಹಣ್ಣುಗಾಯಿ ಮಾಡಿ, ರಥ ಹತ್ತಿ, ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ತಡ ಕೆಳಗೆ ಧುಮುಕಿ ಓಟ ಕಿತ್ತ. ಸಾರಥಿ ಬೃಹನ್ನಳೆಯೇ ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕಾಯಿತು. ನಮ್ಮ ಪುರಾಣದಲ್ಲಿ ಓಟಕ್ಕೆ ಹೆಸರಾದವನು ಇವನು. ಗ್ರೀಕರ ಕಥೆಯ ಓಟಗಾರನಾದರೋ ಮ್ಯಾರಥಾನ್ ಬಯಲಿನಿಂದ ಅಥೆನ್ಸಿಗೆ ಓಡಿ, ಗೆದ್ದ ಸುದ್ದಿ ಹೇಳಿ, ಅಲ್ಲೇ ಬಿದ್ದು ಸತ್ತನಂತೆ. ಒಬ್ಬ ಹೆದರಿ ಓಡಿದ, ಇನ್ನೊಬ್ಬ ಓಡಿ ಸತ್ತ. ಐವತ್ತೊಂದನೆಯ ವಯಸ್ಸಿನಲ್ಲಿ ಶುರುಮಾಡುವವನಿಗೆ ಎರಡೂ ಒಳ್ಳೆಯ ಶಕುನವಲ್ಲ.

ಶುರುಮಾಡುವುದಕ್ಕೇನೂ ನನಗೆ ಕಷ್ಟವಿಲ್ಲ. ಆರಂಭಶೂರತ್ವದಲ್ಲಿ ನನ್ನನ್ನು ಮೀರಿಸುವವರು ಸರಸ್ವತಿಪುರಂನಲ್ಲಿ ಯಾರೂ ಇಲ್ಲ. ನಮ್ಮ ಮನೆಯಲ್ಲಿ ನಾಲ್ಕು ಪಾಠಕ್ಕೆ ನಿಂತ ಹಾರ್ಮೋನಿಯಂ ಇದೆ. ಮೊದಲ ಭಾಗದಲ್ಲೇ ಬುಕ್‌ಮಾರ್ಕ್ ಉಳಿದುಕೊಂಡ ಸಂಸ್ಕೃತ ಸ್ವಯಂಬೋಧಿನಿ ಇದೆ. ಒದ್ದೆ ಟವೆಲ್ ಒಣಹಾಕಲು ತುಂಬ ಅನುಕೂಲವಾದ ವ್ಯಾಯಾಮದ ಸೈಕಲ್ಲೂ ಇದೆ. ಆದ್ದರಿಂದ ಮೊದಲ ಮೂರು ವಾರದ ನನ್ನ ಹುಮ್ಮಸ್ಸನ್ನು ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹೇಳಲು ನಾಚಿಕೆಯಾಗುವಷ್ಟು ಬೆಲೆಯ ಶೂ ಬಂತು. ಕತ್ತಲಲ್ಲೂ ಕಾಣುವ ಕಿತ್ತಳೆ ಬಣ್ಣದ ಬನಿಯನ್ ಬಂತು. ಹದಿನಾರು ವಾರದ ವೇಳಾಪಟ್ಟಿ ಫ್ರಿಜ್‌ನ ಬಾಗಿಲಿಗೆ ಅಂಟಿತು.

ಮೊದಲನೆಯ ದಿನ ಐದೂಕಾಲಿಗೆ ಗೇಟು ದಾಟಿ ಓಡತೊಡಗಿದೆ. ಮೂಲೆಯ ಹಾಲಿನ ಬೂತಿನವರು ಕ್ರೇಟ್ ಇಳಿಸುತ್ತಿದ್ದವರು ನಿಂತು ನೋಡಿದರು. "ಏನ್ ಸಾರ್, ಬಸ್ ಹೋಗ್ಬಿಡ್ತಾ?"

ನಾನು ನಿಂತು ವಿವರಿಸಿದೆ. ನಿಲ್ಲಲು ಒಂದು ಕಾರಣ ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು. ಅವರು ಎಲ್ಲ ಕೇಳಿಸಿಕೊಂಡು, "ದುಡ್ಡು ಕೊಟ್ಟು ಓಡ್ತಾರಾ ಸಾರ್?" ಎಂದು ಒಂದೇ ಪ್ರಶ್ನೆ ಕೇಳಿದರು. ಅದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಅವರ ಬಾಯಲ್ಲಿ ಬಸ್ಸಿನ ಮಾತೇ. ಒಂದು ದಿನ ತಪ್ಪಿಸಿದರೆ ಮರುದಿನ, "ನಿನ್ನೆ ಬಸ್ ಇರಲಿಲ್ವಾ ಸಾರ್?"

ನಾಲ್ಕನೆಯ ವಾರ ಪದ್ಧತಿಯಂತೆ ಹುಮ್ಮಸ್ಸು ಇಳಿಯಿತು. ಬೆಳಗಿನ ಐದಕ್ಕೆ ನನಗಿಂತ ಮೊದಲು ನನ್ನೊಳಗಿನ ವಕೀಲನಿಗೆ ಎಚ್ಚರವಾಗುತ್ತದೆ. ಭಾರಿ ಓದಿಕೊಂಡವನು. ಹೊರಗೆ ತುಂತುರು ಇದ್ದರೆ ನೆಗಡಿಯ ವಾದ, ಇಲ್ಲದಿದ್ದರೆ ಮಂಡಿಯ ವಾದ. ಒಂದು ದಿನ ಎರಡೂ ನಡೆಯದೆ, "ಇವತ್ತು ಅಮಾವಾಸ್ಯೆ" ಅಂದ. ಅಮಾವಾಸ್ಯೆಗೂ ಓಟಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕಕ್ಷಿದಾರ ವಕೀಲನನ್ನು ಪ್ರಶ್ನಿಸುವುದುಂಟೆ? ಮಗ್ಗುಲಾದೆ.

ಸ್ಫೂರ್ತಿಗೆಂದು ಹುಡುಗರು ದಿನಕ್ಕೊಂದು ವಿಡಿಯೋ ಕಳಿಸುತ್ತಿದ್ದರು. ಅದರಲ್ಲೊಂದು ಫೌಜಾ ಸಿಂಗರದು. ಬಿಳಿಗಡ್ಡದ ಪಂಜಾಬಿ ಅಜ್ಜ. ಹೆಂಡತಿ ಮಗನನ್ನು ಕಳೆದುಕೊಂಡು, ಆ ದುಃಖದಲ್ಲಿ ಇಳಿವಯಸ್ಸಿನಲ್ಲಿ ಓಟಕ್ಕೆ ಬಿದ್ದು, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದವರು. ನೂರು ತುಂಬಿದ ಮೇಲೂ ಓಡಿದವರು. ನೋಡಿ ಕಣ್ಣು ತುಂಬಿ ಬಂತು. ಆಮೇಲೆ ಲೆಕ್ಕ ಹಾಕಿದೆ. ಅವರ ದಾರಿಯಲ್ಲೇ ನಡೆದರೂ ನನಗಿನ್ನೂ ಮೂವತ್ತೆಂಟು ವರ್ಷ ಟೈಮಿದೆ. ಹೊದಿಕೆ ಎಳೆದುಕೊಂಡು ಮಲಗಿದೆ. ಸ್ಫೂರ್ತಿಯ ತೊಂದರೆಯೇ ಇದು. ಅದು ನಮ್ಮನ್ನು ಮೆಚ್ಚಿಸುತ್ತದೆ, ಏಳಿಸುವುದಿಲ್ಲ.

ಆಷಾಢದ ಒಂದು ಶುಕ್ರವಾರ ಚಾಮುಂಡಿಬೆಟ್ಟಕ್ಕೆ ಹೋದದ್ದು ಓಡಲಿಕ್ಕಲ್ಲ, ಓಟ ತಪ್ಪಿಸಿಕೊಳ್ಳಲಿಕ್ಕೆ. ದೇವಸ್ಥಾನಕ್ಕೆ ಹೊರಟೆ ಅಂದರೆ ಯಾವ ಸಾರಥಿಯೂ ಅಡ್ಡ ಹಾಕುವಂತಿಲ್ಲ. ದೊಡ್ಡದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಮೆಟ್ಟಿಲು, ಸುಮಾರು ಸಾವಿರ. ಕತ್ತಲಿರುವಾಗಲೇ ಜನ. ಮಂಜಿಗೂ ಕರ್ಪೂರದ ಹೊಗೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮುನ್ನೂರು ಮೆಟ್ಟಿಲು ಹತ್ತುವ ಹೊತ್ತಿಗೆ, ತಿಂಗಳಿಂದ ಓಡಿದ ನನ್ನ ಪುಪ್ಪುಸ ಕೈಕೊಟ್ಟಿತು. ಪಕ್ಕದ ಕಟ್ಟೆಯ ಮೇಲೆ ಕೂತೆ.

ಕೆಳಗಿನಿಂದ ಒಬ್ಬ ಹೆಂಗಸು ಬರುತ್ತಿದ್ದರು. ಅರವತ್ತು ದಾಟಿದ್ದೀತು. ಎಡಗೈಯಲ್ಲಿ ಅರಿಸಿನ ಕುಂಕುಮದ ಸ್ಟೀಲ್ ಡಬ್ಬಿ. ಒಂದು ಮೆಟ್ಟಿಲು ಹತ್ತುವುದು, ಬಗ್ಗುವುದು, ಅರಿಸಿನ ಬಳಿಯುವುದು, ಕುಂಕುಮ ಇಡುವುದು, ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗುವುದು, ಮುಂದಿನ ಮೆಟ್ಟಿಲಿಗೆ ಹೋಗುವುದು. ಆಷಾಢದಲ್ಲಿ ಈ ನೋಟ ಮೈಸೂರಿನವರಿಗೆ ಹೊಸದಲ್ಲ. ಚಿಕ್ಕಂದಿನಿಂದ ಕಂಡು ಕಂಡು ಕಾಣದೇ ಹೋಗಿದ್ದೆ. ಅವತ್ತು ಮಾತ್ರ ನನ್ನ ತಲೆಯಲ್ಲಿ ಕಿಲೋಮೀಟರು ಮತ್ತು ನಿಮಿಷಗಳೇ ತುಂಬಿದ್ದರಿಂದ ಲೆಕ್ಕ ತಾನಾಗಿ ಶುರುವಾಯಿತು. ಸಾವಿರ ಸಲ ಬಗ್ಗುವುದು, ಸಾವಿರ ಸಲ ಏಳುವುದು. ಜಿಮ್ಮಿನ ಹುಡುಗರು ನೂರು ಬಸ್ಕಿ ಹೊಡೆದು ಫೋಟೊ ಹಾಕಿಕೊಳ್ಳುತ್ತಾರೆ.

ನನ್ನ ಪಕ್ಕಕ್ಕೆ ಬಂದಾಗ ಕೇಳಿದೆ. "ಬೇಜಾರಾಗಲ್ವೇನಮ್ಮಾ?"

"ಆಗತ್ತಪ್ಪ. ಹೇಳ್ಕೊಂಡಿದೀನಲ್ಲ" ಎಂದು ಮುಂದಿನ ಮೆಟ್ಟಿಲಿಗೆ ಬಗ್ಗಿದರು.

ಏನು ಹೇಳಿಕೊಂಡಿದ್ದರೋ, ಯಾರಿಗಾಗಿಯೋ. ಕೇಳುವುದು ಸಲ್ಲದು. ಆದರೆ ಆ ಮಾತು ನನ್ನನ್ನು ಕಟ್ಟೆಯ ಮೇಲೆ ಬಹಳ ಹೊತ್ತು ಕೂರಿಸಿತು. ಒಂದು ತಿಂಗಳಿಂದ ನಾನು ಬೆಳಿಗ್ಗೆ ಎದ್ದು ಮಾಡುತ್ತಿದ್ದದ್ದು, ಉಮೇದು ಇದೆಯೇ ಎಂದು ನಾಡಿ ಹಿಡಿದು ನೋಡಿಕೊಳ್ಳುವುದು. ಇದ್ದರೆ ಓಟ, ಇಲ್ಲದಿದ್ದರೆ ನಿದ್ದೆ. ಹರಕೆಯಲ್ಲಿ ಉಮೇದಿನ ಕಲಮೇ ಇಲ್ಲ. ಬೇಜಾರಾಗುತ್ತದೆ ಎಂದು ಆಕೆ ಒಪ್ಪಿಕೊಂಡರು, ಬಚ್ಚಿಡಲಿಲ್ಲ. ಅದು ಅಪ್ರಸ್ತುತ, ಅಷ್ಟೆ. ಕನ್ನಡದಲ್ಲಿ 'ಹೇಳಿಕೊಳ್ಳುವುದು' ಅಂದರೆ ದೇವರಿಗೆ ಹರಕೆ ಹೊರುವುದೂ ಹೌದು, ಜಂಬ ಕೊಚ್ಚುವುದೂ ಹೌದು. ಎರಡಕ್ಕೂ ಒಂದೇ ಮಾತು ಇಟ್ಟವರು ಯಾರೋ ನನ್ನಂಥವರನ್ನು ಕಂಡೇ ಇಟ್ಟಿರಬೇಕು. ನಾನೂ ಹೇಳಿಕೊಂಡವನೇ, ಒಲೆಯ ಮುಂದೆ, ಹೋಳಿಗೆ ಕೈಯಲ್ಲಿ ಹಿಡಿದು. ಅಗ್ನಿಸಾಕ್ಷಿ ಅಂತಲೇ ಅನ್ನಬಹುದು.

ಆಮೇಲೆ ನನ್ನ ವಕೀಲ ಮೊಕದ್ದಮೆ ಸೋತ ಅಂತಲ್ಲ. ಸೋತವನು ಸುಮ್ಮನಿದ್ದರೆ ವಕೀಲನೇ ಅಲ್ಲ. ಅವನು ವಾದ ಮಾಡುತ್ತಿದ್ದ, ನಾನು ಅದನ್ನು ಕೇಳಿಸಿಕೊಳ್ಳುತ್ತಲೇ ಶೂ ಕಟ್ಟುತ್ತಿದ್ದೆ. ಮೂರನೆಯ ಕಿಲೋಮೀಟರಿನ ಹೊತ್ತಿಗೆ ಅವನೇ ಸುಸ್ತಾಗುತ್ತಿದ್ದ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನನ್ನ ಓಟ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಲಗದ್ದೆಗಳ ನೀರಿಗೆಂದು ಕಟ್ಟಿಸಿದ ಕೆರೆ, ಕುವೆಂಪು ಅವರು ತಿರುಗಾಡಿದ ದಾರಿ. ಅಲ್ಲಿ ಬುಸುಗುಡುತ್ತ ಓಡುವುದಕ್ಕೆ ಮೊದಮೊದಲು ಸಂಕೋಚವಾಗುತ್ತಿತ್ತು. ಹೆಜ್ಜಾರ್ಲೆಗಳೂ ನೀರುಕಾಗೆಗಳೂ ನನ್ನನ್ನು ನೋಡಿ ಹಾರುತ್ತಿರಲಿಲ್ಲ. ಹೆದರುವಷ್ಟು ವೇಗ ನನಗಿರಲಿಲ್ಲ. ಕೆರೆಯ ಬಳಿ ಪರಿಚಯವಾದ ಹುಡುಗನೊಬ್ಬ, "ಸಾರ್, ಇನ್ನೂ ನಿಧಾನ ಓಡಿ, ಮಾತಾಡ್ತಾ ಓಡೋಕೆ ಆಗ್ಬೇಕು, ಅದೇ ಸರಿಯಾದ ಪೇಸು" ಅಂದ. ಜೊತೆಗೆ ಯಾರೂ ಇಲ್ಲದ್ದರಿಂದ ಮಗ್ಗಿ ಹೇಳತೊಡಗಿದೆ. ಹದಿಮೂರರ ಮಗ್ಗಿ ತಡೆಯಿಲ್ಲದೆ ಬಂದರೆ ಸರಿಯಾದ ವೇಗ. ಹದಿಮೂರೆಂಟಲೆ ಅಂದು ನೂರಾನಾಲ್ಕು ಬಾಯಿಗೆ ಬರದಿದ್ದರೆ ಹೆಚ್ಚಾಯಿತು ಅಂತ ಅರ್ಥ. ವಾಕಿಂಗಿಗೆ ಬರುವ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, "ಯಾವ ಮಂತ್ರ?" ಎಂದು ಗೌರವದಿಂದ ಕೇಳಿದರು.

ಒಂಬತ್ತನೆಯ ವಾರ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಉದ್ದಕ್ಕೂ ನೋವು ಹಿಡಿಯಿತು. ಶಿನ್ ಸ್ಪ್ಲಿಂಟ್. ಹೊಸ ಓಟಗಾರರಿಗೆಲ್ಲ ಬರುವ ನೆಂಟ. ಉಸಿರು, ಎದೆ ಕೆಲವೇ ವಾರಗಳಲ್ಲಿ ಪಳಗಿಬಿಡುತ್ತವೆ, ಎಲುಬು ಮತ್ತು ಸ್ನಾಯುಬಂಧಗಳಿಗೆ ತಿಂಗಳುಗಳೇ ಬೇಕು. ಎದೆ ಓಡು ಅನ್ನುವ ಹೊತ್ತಿಗೆ ಎಲುಬು ಇನ್ನೂ ಸಿದ್ಧವಾಗಿರುವುದಿಲ್ಲ. ಫಿಸಿಯೋಥೆರಪಿಸ್ಟ್ ಎರಡು ವಾರ ಓಡಬೇಡಿ ಅಂದರು. ಅದೇ ವಕೀಲ ಸರ್ಟಿಫಿಕೇಟ್ ಸಮೇತ ಗೆದ್ದ ಹಾಗಾಯಿತಲ್ಲ, ಮಲಗಬಹುದಿತ್ತು. ಆದರೆ ಮರುದಿನ ನಾಲ್ಕೂಮುಕ್ಕಾಲಿಗೇ ಎಚ್ಚರ! ಕಿಟಕಿಯಲ್ಲಿ ನಿಂತು ಖಾಲಿ ರಸ್ತೆ ನೋಡಿದೆ. ತಂಪು ಗಾಳಿ, ಹದವಾದ ಬೆಳಕು, ಓಡಬಹುದಾದವರ ಮೇಲೆಲ್ಲ ಹೊಟ್ಟೆಕಿಚ್ಚು. ವಾರಗಟ್ಟಲೆ ನಾನು ಕಾದೂ ಬಾರದಿದ್ದ ಉಮೇದು, ಓಡಬೇಡ ಅಂದ ದಿನ ಬಂದು ಬಾಗಿಲು ತಟ್ಟಿತು. ಅದಕ್ಕೆ ಕಾಫಿ ಕೊಟ್ಟು ಕಳಿಸುವುದಲ್ಲದೆ ಮತ್ತೇನು ಮಾಡಲಿ? ಹಾಲಿನ ಬೂತಿನ ಪ್ರಶ್ನೆಗೆ ಹೆದರಿ ಆ ಎರಡು ವಾರ ಹಿಂದಿನ ಬೀದಿಯಿಂದ ಹಾಲು ತಂದೆ.

ನನ್ನ ವೇಳಾಪಟ್ಟಿಯಲ್ಲಿ ಅತಿ ಉದ್ದದ ಓಟ ಹದಿನೆಂಟು ಕಿಲೋಮೀಟರ್. ಹೊಸಬರ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತವೆ. "ಉಳಿದ ಮೂರು ಕಿಲೋಮೀಟರ್ ಯಾರು ಓಡ್ತಾರೆ?" ಎಂದು ಕೆರೆಯ ಹುಡುಗನನ್ನು ಕೇಳಿದೆ. "ಅವತ್ತಿನ ಜನ ಓಡಿಸ್ತಾರೆ ಸಾರ್" ಅಂದ. ನನ್ನ ಚಿಂತೆ ಮೂರು ಕಿಲೋಮೀಟರಿನದಷ್ಟೇ ಆಗಿರಲಿಲ್ಲ. ಹಾಫ್ ಮ್ಯಾರಥಾನ್ ಅಂದರೆ 21 ಕಿಲೋಮೀಟರಲ್ಲ, 21.0975. ಈ ಬಾಲ ಹೇಗೆ ಬಂತೆಂದರೆ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಶುರುವಾದದ್ದು ವಿಂಡ್ಸರ್ ಅರಮನೆಯ ಹತ್ತಿರ, ಮುಗಿದದ್ದು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಆಸನಗಳ ಎದುರಿಗೆ. ಆ ದೂರ 42.195 ಕಿಲೋಮೀಟರ್. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ಅರಮನೆಯವರ ಅನುಕೂಲಕ್ಕೆ ರಸ್ತೆ ಬಳಸುವುದು ಮೈಸೂರಿನವರಿಗೆ ಹೊಸದೇನಲ್ಲ, ಆದರೆ ಇಂಗ್ಲೆಂಡಿನ ರಾಣಿಗಾಗಿ ಸರಸ್ವತಿಪುರಂನ ನಾನು ತೊಂಬತ್ತೇಳೂವರೆ ಮೀಟರ್ ಜಾಸ್ತಿ ಓಡಬೇಕಾದದ್ದು ಸ್ವಲ್ಪ ಅತಿಯಾಯಿತು.

ಹದಿನೆಂಟರ ಆ ಭಾನುವಾರ ಜೇಬಿನಲ್ಲಿ ಖರ್ಜೂರ ಮತ್ತು ಬೆಲ್ಲದ ಚೂರು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಒಂದೂವರೆ ಗಂಟೆ ಓಡಿದ ಆಸುಪಾಸಿನಲ್ಲಿ ತಳಕಾಣತೊಡಗುತ್ತದೆ, ಅದಕ್ಕೆ ಮೊದಲೇ ಬಾಯಿಗೆ ಹಾಕಿಕೊಳ್ಳಬೇಕು. ನಾನು ಮರೆತೆ. ಹದಿನಾರನೆಯದರಲ್ಲಿ ಕಾಲು ಯಾರದೋ ಆಯಿತು. ಹದಿಮೂರೆರಡಲೆ ಎಷ್ಟೆಂಬುದೂ ಹೊಳೆಯಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು ಬೆಲ್ಲ ಚೀಪಿದೆ. ಪೇಪರು ಓದುತ್ತಿದ್ದವರೊಬ್ಬರು ಸರಿದು ಜಾಗ ಕೊಟ್ಟರು. ಎರಡು ಕಿಲೋಮೀಟರ್ ಉಳಿದಿತ್ತು. ಯಾರೂ ನೋಡುತ್ತಿರಲಿಲ್ಲ, ಹಾಲಿನ ಬೂತು ದೂರ, ಮನೆಯಲ್ಲಿ ಹದಿನೆಂಟಾಯಿತು ಅಂದರೆ ನಂಬುತ್ತಾರೆ. ವಕೀಲ ಕೂಡ ಇಷ್ಟು ಗಟ್ಟಿ ಕೇಸು ಸಿಕ್ಕಿತಲ್ಲ ಎಂದು ಬೆರಗಾಗಿ ಸುಮ್ಮನಿದ್ದ. "ಹೇಳ್ಕೊಂಡಿದೀನಲ್ಲ" ಎಂದು ಬಾಯಿಬಿಟ್ಟು ಅಂದೆನಂತೆ. ಪಕ್ಕದವರು ಪೇಪರಿನಿಂದ ತಲೆಯೆತ್ತಿ, "ನನಗಾ?" ಅಂದರು.

ಓಟದ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎದೆಗೆ ನಾಲ್ಕು ಪಿನ್ನು ಚುಚ್ಚಿ ನಂಬರು ಕಟ್ಟಿಕೊಂಡೆ. ಜನ ನಿಜಕ್ಕೂ ಓಡಿಸಿದರು. ಗುರುತಿಲ್ಲದ ಹುಡುಗಿಯೊಬ್ಬಳು "ಕಮಾನ್ ಅಂಕಲ್" ಅಂದಳು. ಮೊದಲನೆಯ ಪದಕ್ಕೆ ಓಡಿದೆ, ಎರಡನೆಯದಕ್ಕೆ ಕ್ಷಮಿಸಿದೆ. ಎರಡು ಗಂಟೆ ಐವತ್ತೆರಡು ನಿಮಿಷ. ರಾಣಿಯ ಪಾಲಿನ ತೊಂಬತ್ತೇಳೂವರೆ ಮೀಟರನ್ನೂ ಬಾಕಿ ಉಳಿಸಿಕೊಳ್ಳಲಿಲ್ಲ. ಗೆರೆಯಾಚೆ ನಿಂತಿದ್ದ ಬೃಹನ್ನಳೆ ನೀರಿನ ಬಾಟಲಿ ಕೊಟ್ಟು, "ಸ್ಕೂಲಿಗೆ ಇಷ್ಟೇ ದೂರಾನಾ?" ಅಂದಳು.

ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲನ್ನು ಬೆನ್ನು ಮುಂದೆ ಮಾಡಿಕೊಂಡು, ಕಟಕಟೆ ಹಿಡಿದು ಇಳಿದೆ. ತೊಡೆಗಳು ಮುಂದಕ್ಕೆ ಇಳಿಯಲು ಒಪ್ಪಲಿಲ್ಲ. ಬೂತಿನ ತನಕ ಹೋಗಲು ಹತ್ತು ನಿಮಿಷ ಹಿಡಿಯಿತು. ಅವರು ಎರಡು ಪ್ಯಾಕೆಟ್ ಹಾಲು ಕೈಗಿಟ್ಟು ನನ್ನ ಕಾಲು ನೋಡಿದರು.

"ಸಿಕ್ತಾ ಸಾರ್ ಬಸ್ಸು?"

"ಸಿಕ್ತು" ಅಂದೆ. "ಸೀಟು ಸಿಗಲಿಲ್ಲ."