ಮುರಕಲ್ಲ ಪದವಿನ ಪುಟ್ಟ ಗಾಯಕ

ಬೇಸಿಗೆಯಲ್ಲಿ ಮಣಿಪಾಲದ ಆಸುಪಾಸಿನ ಮುರಕಲ್ಲು ಪದವುಗಳ ಮೇಲೆ ಬರಿಗಾಲಿಡಲಾಗದು. ಕಾದ ಕಲ್ಲು, ಸುಟ್ಟು ಹೋದ ಹುಲ್ಲು, ಅಷ್ಟೇ. ಅದೇ ಜಾಗಕ್ಕೆ ಆಟಿ ತಿಂಗಳ ಮಳೆಯಲ್ಲಿ ಬರಬೇಕು! ಕಲ್ಲಿನ ಗುಳಿಗುಳಿಯಲ್ಲೂ ನೀರು. ಬೊಗಸೆ ಮಣ್ಣು ನಿಂತಲ್ಲೆಲ್ಲ ಹುಲ್ಲು, ಅದರ ನಡುವೆ ಯುಟ್ರಿಕ್ಯುಲೇರಿಯಾದ ನೀಲಿ ಹೂಗಳು. ಎಷ್ಟು ಸುಕುಮಾರವಾಗಿ ಕಂಡರೂ ಇದು ಬೇಟೆಗಾರ ಗಿಡ. ಬುಡದಲ್ಲಿರುವ ಸಣ್ಣ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುತ್ತದೆ.

ನಾನು ಬಂದದ್ದು ಹೂವಿಗಲ್ಲ, ದನಿಗೆ. ಕತ್ತಲಾಗುತ್ತಲೇ ಹುಲ್ಲಿನ ಬುಡದಿಂದ 'ಜೀಂ...' ಎಂದು ಶುರುವಾಯಿತು. ಯಾರೇ ಕೇಳಿದರೂ ಚಿಮ್ಮಂಡೆ ಹುಳ ಎಂದೇ ಹೇಳುವ ಸದ್ದು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಕೂತೆ. ಟಾರ್ಚಿನ ಬೆಳಕನ್ನು ಮೆಲ್ಲಗೆ ಸರಿಸಿದಾಗ ಕಂಡಿತು: ಕಪ್ಪು ಗುರುತುಗಳ ಮಾಸಲು ಕಂದು ಮೈ, ಉಬ್ಬಿದ ಗಂಟಲು, ಹೆಬ್ಬೆರಳ ಉಗುರಿನಷ್ಟೇ ಗಾತ್ರದ ಕಪ್ಪೆ! ಇಷ್ಟು ಚಿಕ್ಕ ಜೀವ ಇಡೀ ಬಯಲನ್ನು ತುಂಬುವ ಹಾಗೆ ಹಾಡುವುದನ್ನು ಕಂಡು ಮಳೆ ನೆನೆಸುತ್ತಿದ್ದುದೂ ಮರೆತುಹೋಯಿತು.

ಇದು ಮೈಕ್ರೊಹೈಲಾ ಲ್ಯಾಟರೈಟ್. ಉದ್ದ ಸುಮಾರು 1.6 ಸೆಂಟಿಮೀಟರ್. ಮಣಿಪಾಲದ ಸುತ್ತಲಿನ ಮುರಕಲ್ಲು ನೆಲದ ಜೀವಿಗಳನ್ನು ದಾಖಲಿಸುತ್ತಿದ್ದ ರಮಿತ್ ಸಿಂಗಲ್ ಅವರ ಕಣ್ಣಿಗೆ ಇದು ಬಿತ್ತು. ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದ ಕಪ್ಪೆ ತಜ್ಞರು ಕೈಜೋಡಿಸಿದರು. ಕೂಗು, ಮೈಕಟ್ಟು, ಡಿಎನ್ಎ ಮೂರನ್ನೂ ತಾಳೆ ನೋಡಿ 2016ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ದಟ್ಟಡವಿಯ ಒಳಗಲ್ಲ, ಕಾಲೇಜು, ಆಸ್ಪತ್ರೆ, ಬಸ್ಸುಗಳ ಗದ್ದಲದ ಪಕ್ಕದಲ್ಲೇ ವಿಜ್ಞಾನಕ್ಕೆ ಗೊತ್ತಿಲ್ಲದ ಕಪ್ಪೆಯೊಂದು ಮಳೆಗಾಲವಿಡೀ ಕೂಗುತ್ತಿತ್ತು!

ಇಂಥ ನೆಲವನ್ನು ಕಡತಗಳು ಪಾಳುಭೂಮಿ ಎನ್ನುತ್ತವೆ. ಕೋರೆಗೆ, ಕಟ್ಟಡಕ್ಕೆ, ಕಸ ಸುರಿಯಲು ಅದು ಸುಲಭದ ತುತ್ತು. ಇದು ತಪ್ಪು ಲೆಕ್ಕ. ಆ ಲೆಕ್ಕವನ್ನು ತಿದ್ದಬೇಕಾದರೆ ಇಲ್ಲಿ ಏನೇನು ಬದುಕಿದೆ ಎಂಬುದಕ್ಕೆ ದಾಖಲೆ ಬೇಕು. ಅದಕ್ಕೆ ಪದವಿ, ಪ್ರಯೋಗಾಲಯ ಏನೂ ಬೇಡ.

ನಿಮ್ಮೂರಿನ ಬಯಲಿಗೆ ಈ ಮಳೆಗಾಲ ಒಮ್ಮೆ ಹೋಗಿ. ಜೀವಿಯನ್ನು ಮುಟ್ಟಬೇಡಿ, ಟಾರ್ಚನ್ನು ಬಹಳ ಹೊತ್ತು ಹಿಡಿಯಬೇಡಿ. ಫೋನಿನಲ್ಲಿ ದನಿ ಹಿಡಿದ ಬಳಿಕ ಊರು, ದಿನಾಂಕ, ಹೊತ್ತು ಇವನ್ನು ಬಾಯಲ್ಲೇ ಹೇಳಿ ಸೇರಿಸಿ, ಜೀವಿಗಳನ್ನು ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಏರಿಸಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬಲ್ಲವರು ಅಲ್ಲಿದ್ದಾರೆ.